ಉಚಿತ ನಿರೋಧ್: ಕರಾವಳಿಯ ಸೆಕೆಗೂ ರಾತ್ರಿಯ ರಸ್ತೆಗೂ ಆದೀತೇ?

ನಿರೋಧ್ ಅಂದರೆ ಸರ್ಕಾರ ಹಂಚುವ ಕಾಂಡೋಮ್, 1968ರಿಂದ ನಡೆದುಬಂದ ಹೆಸರು. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಪರೀಕ್ಷೆ, ಸಲಹೆಯ ಕೇಂದ್ರ), ಲೈಂಗಿಕ ವೃತ್ತಿಯ ಹೆಂಗಸರ ನಡುವೆ ಕೆಲಸ ಮಾಡುವ ಪೀರ್ ಕಾರ್ಯಕರ್ತೆಯರ ಕೈಯಲ್ಲಿ ಪುಕ್ಕಟೆ ಸಿಗುತ್ತದೆ. ಪುಕ್ಕಟೆಯದ್ದು ಬೇಗ ಹರಿಯುತ್ತದೆ ಎಂಬ ದೂರು ಇದ್ದದ್ದೇ. ಮಂಗಳೂರು, ಉಡುಪಿಯಲ್ಲಾದರೆ ಮೊದಲು ಸಂಶಯಪಡಬೇಕಾದ್ದು ತೆಂಗಿನೆಣ್ಣೆಯನ್ನು. ಎಣ್ಣೆ ತಾಗಿದ ಲೇಟೆಕ್ಸ್ ನಿಮಿಷಗಳಲ್ಲೇ ಸೊರಗುತ್ತದೆ. ವ್ಯಾಸಲೀನ್, ಬಾಡಿ ಲೋಷನ್‌ಗೂ ಇದೇ ಮಾತು. ನೀರು ಇಲ್ಲವೇ ಸಿಲಿಕೋನ್ ಆಧಾರಿತ ಜೆಲ್ ಆದರೆ ಸರಿ. ಪೊಟ್ಟಣದ ಜೊತೆ ಅದನ್ನು ಕೊಡದಿರುವುದೇ ಈ ಪುಕ್ಕಟೆ ಮಾಲಿನ ದೊಡ್ಡ ಕೊರತೆ.

ಎರಡನೆಯದು ಸೆಕೆ. ರವಿಕೆಯೊಳಗೆ, ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟದ್ದನ್ನು ನಂಬಬೇಡಿ. ಮುಚ್ಚಳವಿರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯಾದರೆ ಮಡಚುವುದಿಲ್ಲ, ಆಟಿಯ ಮಳೆಗೂ ನೆನೆಯುವುದಿಲ್ಲ. ತೆರೆಯುವ ಮೊದಲು ಎಕ್ಸ್‌ಪೈರಿ ನೋಡಿ, ಬೆರಳಲ್ಲಿ ಒತ್ತಿ. ಒಳಗೆ ಗಾಳಿ ಇದ್ದರೆ ಪೊಟ್ಟಣ ಗಟ್ಟಿ, ಚಪ್ಪಟೆಯಾಗಿದ್ದರೆ ಬಿಸಾಡಿ. ಕತ್ತಲಲ್ಲಿ, ಅವಸರದಲ್ಲಿ ಹಲ್ಲು ಹಾಕುವುದೇ ಹೆಚ್ಚು, ಅಲ್ಲೇ ತೂತು ಬೀಳುವುದು. ಕಾಂಡೋಮನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿಯ ಅಂಚನ್ನು ಹರಿಯಿರಿ. ತುದಿ ಹಿಂಡಿ ಹಿಡಿದು ಬುಡದವರೆಗೆ ಬಿಡಿಸಿ. ಸುರುಳಿ ಬಿಚ್ಚಿಕೊಳ್ಳದಿದ್ದರೆ ಉಲ್ಟಾ ಹಾಕಿದ್ದೀರಿ; ತಿರುಗಿಸಿ ಬಳಸದೆ ಹೊಸದನ್ನು ತೆಗೆಯಿರಿ. ಒಂದರ ಮೇಲೊಂದು ಹಾಕಿದರೆ ಉಜ್ಜಿ ಹರಿಯಬಹುದು. ಕುಡಿದು ಬಂದ ಗಿರಾಕಿ 'ಹಾಕಿದ್ದೇನೆ' ಅಂದರೆ ಸಾಲದು. ನೀವೇ ಹಾಕಿ, ನಡುವೆ ಒಮ್ಮೆ ಕೈಯಿಂದ ನೋಡಿಕೊಳ್ಳಿ.

ಹರಿದರೆ ಡೆಟ್ಟಾಲ್, ಸೋಪು ಹಾಕಿ ಒಳಗೆ ತೊಳೆಯಬಾರದು, ಗಾಯವಾಗಿ ಸೋಂಕಿಗೆ ದಾರಿಯಾಗುತ್ತದೆ. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ಬೆಳಗಾಗಲಿ ಎಂದು ಕಾಯುವುದು ಬೇಡ. ಗರ್ಭ ತಡೆಯುವ ಮಾತ್ರೆ ಬೇರೆಯೇ, ಅದನ್ನೂ ಕೇಳಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಮಾತ್ರೆಗೆ ಹೋಗಬೇಕಾದ ಮಂಗಳೂರಿನ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ನಡೆದೇ ಹೋಗುವಷ್ಟು ಹತ್ತಿರ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಎಚ್‌ಐವಿ ಮಾಹಿತಿಗೆ 1097, ಕರೆ ಉಚಿತ.

ಡಬ್ಬಿಯಲ್ಲಿ ಹೆಚ್ಚು ಇಟ್ಟರೆ ಪೊಲೀಸರು ಹಿಡಿದಾರೆಂಬ ಭಯಕ್ಕೆ ಒಂದೇ ಒಂದನ್ನು ಒಯ್ಯುವವರಿದ್ದಾರೆ. ಅದು ಹರಿದರೆ ಗತಿ? 2022ರ ಮೇ 19ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಕಾಂಡೋಮ್ ಅಪರಾಧವೂ ಅಲ್ಲ, ಅಪರಾಧದ ಸಾಕ್ಷಿಯೂ ಅಲ್ಲ. ಪೊಲೀಸರು ಬೈದು, ಹೊಡೆದು ಮಾಡುವಂತೆಯೂ ಇಲ್ಲ. ಸಾರ್ವಜನಿಕ ಜಾಗದಲ್ಲಿ ಗಿರಾಕಿಯನ್ನು ಕರೆಯುವುದಕ್ಕೆ 1956ರ ಅನೈತಿಕ ಸಾಗಾಟ ತಡೆ ಕಾಯ್ದೆಯಲ್ಲಿ ಶಿಕ್ಷೆ ಇನ್ನೂ ಇದೆ, ನಿಜ. ಕೇಸಾದರೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ, ನಂಬರ್ 15100.