ಮೀನುಮರಿಗಳ ತೇಲುವ ಗುಳಿಗೆ ಆಹಾರ: ಮೂರು ಹಂಗಾಮು ಬಳಸಿದ ಮೇಲೆ

ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮ ಅಡಿಕೆ ತೋಟದ ಅಂಚಿಗಿರುವ 10 ಗುಂಟೆಯ ಕೊಳದಲ್ಲಿ ಪ್ರತಿ ಮಳೆಗಾಲ ಸುಮಾರು 800 ಕಾಟ್ಲಾ, ರೋಹು ಮತ್ತು ಮೃಗಾಲ್ ಮರಿಗಳನ್ನು ಬಿಡುತ್ತೇನೆ. ಮೊದಲು ದಾವಣಗೆರೆಯ ಅಕ್ಕಿ ಗಿರಣಿಯ ತೌಡಿಗೆ ಚಳ್ಳಕೆರೆಯ ಶೇಂಗಾ ಹಿಂಡಿಯನ್ನು ಸಮಪಾಲು ಬೆರೆಸಿ, ನೀರಿನಲ್ಲಿ ಕಲಸಿ ಹಾಕುತ್ತಿದ್ದೆ; ಕಳೆದ ಮೂರು ಹಂಗಾಮುಗಳಿಂದ ಶೇ. 32ರಷ್ಟು ಪ್ರೋಟೀನ್ ಇರುವ ತೇಲುವ ಗುಳಿಗೆಯನ್ನು ಬಳಸುತ್ತಿದ್ದೇನೆ.

ಈ ಗುಳಿಗೆಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದು ತೇಲುತ್ತದೆ ಎಂಬ ಒಂದೇ ಗುಣ. ಹಿಂಡಿಯುಂಡೆ ತಳಕ್ಕೆ ಇಳಿದ ಮೇಲೆ ಮರಿಗಳು ತಿಂದವೋ, ಅದು ಅಲ್ಲಿಯೇ ಕೊಳೆಯಿತೋ ತಿಳಿಯುತ್ತಿರಲಿಲ್ಲ, ಕೊಳೆತದ್ದು ನೀರಿನ ಆಮ್ಲಜನಕವನ್ನು ಹೀರಿಕೊಂಡ ಸಂಗತಿ ನಸುಕಿನಲ್ಲಿ ಮರಿಗಳು ಮೇಲೆ ಬಂದು ಬಾಯಿ ತೆರೆಯುವಾಗ ಮಾತ್ರ ಗೊತ್ತಾಗುತ್ತಿತ್ತು. ಈಗ ಹಾಕಿದ್ದು ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯದಿದ್ದರೆ ಮರುದಿನ ಒಂದು ಹಿಡಿ ಕಡಿಮೆ ಮಾಡುತ್ತೇನೆ. ಆಷಾಢದ ಗಾಳಿಗೆ ಗುಳಿಗೆಗಳೆಲ್ಲ ದಡಕ್ಕೆ ಬಂದು ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತಿದ್ದುದರಿಂದ ಹಳೆಯ ಪಿವಿಸಿ ಪೈಪುಗಳನ್ನು ಚೌಕಟ್ಟಾಗಿ ಜೋಡಿಸಿ, ಗೂಟಕ್ಕೆ ಕಟ್ಟಿ, ಅದರೊಳಗೇ ಹಾಕುವ ಪದ್ಧತಿ ಮಾಡಿಕೊಂಡೆ. ಬೆಳಿಗ್ಗೆ ಒಂಬತ್ತಕ್ಕೆ ಚೌಕಟ್ಟಿನ ಬಳಿ ನನ್ನ ನೆರಳು ಬಿದ್ದರೆ ಸಾಕು, ಕಾಟ್ಲಾ ಮರಿಗಳು ಅಲ್ಲಿ ಸೇರಿರುತ್ತವೆ.

ಪ್ರಮಾಣದ ಲೆಕ್ಕ ಸರಳವಾದದ್ದು. ಹದಿನೈದು ದಿನಕ್ಕೊಮ್ಮೆ ಬೀಸುಬಲೆಯಿಂದ ಕೆಲವು ಮರಿಗಳನ್ನು ಹಿಡಿದು ತೂಗುತ್ತೇನೆ. ಸರಾಸರಿ 25 ಗ್ರಾಂ ಇದ್ದಾಗ 800 ಮರಿಗಳ ಒಟ್ಟು ತೂಕ 20 ಕೆ.ಜಿ., ಅದರ ಶೇ. 5 ಎಂದರೆ ದಿನಕ್ಕೆ 1 ಕೆ.ಜಿ., ಅದನ್ನು ಎರಡು ಹೊತ್ತಿಗೆ ಹಂಚುತ್ತೇನೆ. ಮೀನು ದಪ್ಪವಾದಂತೆ ಈ ಶೇ. 5 ಎಂಬುದು ಶೇ. 2-3ರ ಮಟ್ಟಕ್ಕೆ ಇಳಿಯಬೇಕು. ಮೋಡ ಕವಿದ ದಿನ ಅರ್ಧಕ್ಕಿಳಿಸುತ್ತೇನೆ, ಜಡಿಮಳೆಯ ದಿನ ಹಾಕುವುದೇ ಇಲ್ಲ.

ದೂರುಗಳೂ ಇವೆ. ಎರಡನೆಯ ವರ್ಷ ಸಣ್ಣ ಗುಳಿಗೆ ಮುಗಿದಿದೆ ಎಂದು ಅಂಗಡಿಯವರು 2 ಮಿ.ಮೀ. ಗಾತ್ರದ್ದನ್ನು ಕೊಟ್ಟರು. ಎರಡು ಅಂಗುಲದ ಮರಿಗಳು ಅದನ್ನು ಬಾಯಿಗೆ ಹಾಕಿಕೊಂಡು ಉಗುಳುವುದನ್ನು ದಡದಲ್ಲಿ ಕುಳಿತು ನೋಡಿದೆ. ಆ ಚೀಲವನ್ನು ಒಂದು ತಿಂಗಳು ಹಾಗೆಯೇ ಇಡಬೇಕಾಯಿತು. ಅದೇ ವರ್ಷ ಬಂದ ಇನ್ನೊಂದು ಚೀಲದ ಹೊಲಿಗೆ ಬಿಚ್ಚಿದಾಗ ಮುಗ್ಗಲು ವಾಸನೆ ಹೊಡೆಯಿತು, ಗುಳಿಗೆಗಳು ಹಸಿರು ಬೂಸ್ಟು ಹಿಡಿದು ಗಂಟುಕಟ್ಟಿದ್ದವು. ಬೂಸ್ಟಿನ ವಿಷ ಮೀನಿನ ಯಕೃತ್ತನ್ನು ಹಾಳು ಮಾಡುವುದರಿಂದ ಅದನ್ನು ತಿಪ್ಪೆಗೆ ಸುರಿದೆ, ಬದಲಿ ಚೀಲ ಕೊಡಲು ಅಂಗಡಿಯವರು ಒಪ್ಪಲಿಲ್ಲ. ಅಂದಿನಿಂದ ತಯಾರಿಕೆಯ ತಿಂಗಳು ನೋಡಿಯೇ ಕೊಳ್ಳುತ್ತೇನೆ, ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡುತ್ತೇನೆ.

ಹಿಂಡಿ-ತೌಡನ್ನು ಪೂರ್ತಿ ಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಮೃಗಾಲ್ ತಳದಲ್ಲಿ ಮೇಯುವ ಮೀನಾದ್ದರಿಂದ ಮೇಲೆ ತೇಲುವುದರಲ್ಲಿ ಅದಕ್ಕೆ ದಕ್ಕುವುದು ಕಡಿಮೆ. ಅದಕ್ಕಾಗಿ ತೂತು ಮಾಡಿದ ಚೀಲದಲ್ಲಿ ಹಿಂಡಿ-ತೌಡು ತುಂಬಿ ನೀರಿನೊಳಗೆ ಇಳಿಬಿಡುತ್ತೇನೆ. ಸಂಜೆ ಎತ್ತಿ ನೋಡಿದರೆ ಚೀಲ ಹೆಚ್ಚಾಗಿ ಖಾಲಿಯಾಗಿರುತ್ತದೆ.