ಕಂಪನಿ, ಆ್ಯಪ್, ಬೀದಿಯ ಮೆಕ್ಯಾನಿಕ್: ರಿಪೇರಿ ದುಡ್ಡು ಎಲ್ಲಿ ನ್ಯಾಯ?

ವಾಷಿಂಗ್ ಮಷೀನ್, ಫ್ರಿಜ್ ಕೆಟ್ಟಾಗ ಸುಮ್ನೆ ಬಂದು ನೋಡಿ ಹೋಗುವುದಕ್ಕೇ 500 ರೂಪಾಯಿ ತಗೊಂಡ್ರು ಅಂತ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ನನಗಂತೂ ಇಡೀ ರಿಪೇರಿ ಬಿಲ್ಲಿನಲ್ಲಿ ನ್ಯಾಯ ಅನ್ನಿಸುವುದು ಆ ವಿಸಿಟಿಂಗ್ ಚಾರ್ಜೇ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಡಿ ಓಡಿಸಿಕೊಂಡು, ಟೂಲ್ ಬ್ಯಾಗ್ ಹೊತ್ತುಕೊಂಡು ಬರುವ ಹುಡುಗ ದಿನಕ್ಕೆ ಎಷ್ಟು ಮನೆಗೆ ಹೋಗಬಲ್ಲ? ಅವನು ಮಷೀನ್ ಬಿಚ್ಚಿ, ಕರೆಂಟ್ ನೋಡುವ ಮೀಟರ್ ಇಟ್ಟು, ಕೆಟ್ಟಿರುವುದು ಇದೇ ಅಂತ ತೋರಿಸಿದರೆ ಆ ದುಡ್ಡು ಕೊಡಲೇಬೇಕು. ಏನೂ ಬಿಚ್ಚದೆ ದೊಡ್ಡ ಪಾರ್ಟ್‌ನ ಹೆಸರು ಹೇಳಿ ಸಾವಿರಗಳ ಲೆಕ್ಕ ಕೊಟ್ಟಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ನಮ್ಮ ಫ್ರಂಟ್ ಲೋಡ್ ವಾಷಿಂಗ್ ಮಷೀನ್‌ನಿಂದ ಇದು ನನಗೆ ಚೆನ್ನಾಗಿ ಗೊತ್ತಾಯಿತು. ವಾರಂಟಿ ಮುಗಿದಿತ್ತು. ಬಟ್ಟೆ ಒಗೆದ ಮೇಲೆ ನೀರು ಹೊರಗೆ ಹೋಗುತ್ತಿರಲಿಲ್ಲ, ಎರರ್ ತೋರಿಸಿ ನಿಂತುಬಿಡುತ್ತಿತ್ತು. ಇದೊಂದೇ ತೊಂದರೆಗೆ ಕಂಪನಿ ಸರ್ವೀಸ್, ಆ್ಯಪ್‌ನಲ್ಲಿ ಬುಕ್ ಮಾಡಿದ ಟೆಕ್ನಿಷಿಯನ್, ನಮ್ಮ ಬೀದಿಯ ರಿಪೇರಿ ಅಂಗಡಿಯವರು, ಮೂವರನ್ನೂ ಕರೆಸಿದೆ.

ಕಂಪನಿಯವರು ಮಾರನೇ ದಿನವೇ ಬಂದರು. ಯೂನಿಫಾರ್ಮ್, ಮೊಬೈಲ್‌ಗೆ ಮೆಸೇಜ್, ಎಲ್ಲ ಅಚ್ಚುಕಟ್ಟು. ಹುಡುಗ ಪ್ಯಾನೆಲ್‌ನಲ್ಲಿ ಎರಡು ಬಟನ್ ಒತ್ತಿ ಎರರ್ ಕೋಡ್ ನೋಡಿದ. ಹಿಂದಿನ ಮುಚ್ಚಳ ತೆಗೆಯಲಿಲ್ಲ. ‘ಪಿಸಿಬಿ ಹೋಗಿದೆ ಮೇಡಂ’ ಅಂದ. ಅಂದರೆ ಮಷೀನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್. ಬೋರ್ಡ್‌ಗೆ 7,600, ಕೂಲಿ, ಜಿಎಸ್‌ಟಿ ಎಲ್ಲ ಸೇರಿ 9,000ದ ಹತ್ತಿರ. ನೋಡಿದ್ದಕ್ಕೆ 550 ಕೊಟ್ಟು ಕಳಿಸಿದೆ.

ಆ್ಯಪ್‌ನಿಂದ ಬಂದವರು ಇವರಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಕೆಳಗಿನ ಫಿಲ್ಟರ್ ಬಿಚ್ಚಿ ಸೇಫ್ಟಿ ಪಿನ್, ಚಿಲ್ಲರೆ ಕಾಸು, ನಾರು ಎಲ್ಲ ತೆಗೆದರು. ಆಮೇಲೂ ನೀರು ಹೋಗಲಿಲ್ಲ. ‘ಪಂಪ್ ಇರಬಹುದು, ಬೋರ್ಡ್ ಕೂಡ ಇರಬಹುದು, ಎರಡೂ ಹಾಕಿಸಿಬಿಡಿ’ ಅಂದರು. ಅವರ ರೇಟ್ ಕಾರ್ಡ್‌ನಲ್ಲಿ ಪಂಪ್ ಒಂದಕ್ಕೇ 2,300. ಆ ‘ಇರಬಹುದು’ ಅನ್ನುವ ಮಾತಿಗೆ ದುಡ್ಡು ಕೊಡಲು ಮನಸ್ಸಾಗಲಿಲ್ಲ.

ಅಂಗಡಿಯವರು ‘ನಾಳೆ ಬರ್ತೀನಿ ಅಕ್ಕಾ’ ಅಂದರು. ಆ ನಾಳೆ ಬರಲು ವಾರ ಹಿಡಿಯಿತು. ಮನೆ ತುಂಬ ಒದ್ದೆ ಬಟ್ಟೆ, ಕೈಯಲ್ಲೇ ಒಗೆದು ಹಿಂಡಿ ಸಾಕಾಗಿತ್ತು. ಬಂದವರು ಮೊದಲು ಮಷೀನ್ ಒರಗಿಸಿ ಪಂಪ್‌ನ ವೈರ್‌ಗೆ ಮೀಟರ್ ಇಟ್ಟರು. ‘ಬೋರ್ಡ್ ಕೆಟ್ಟಿದ್ರೆ ಇಲ್ಲಿಗೆ ಕರೆಂಟೇ ಬರ್ತಿರಲಿಲ್ಲ. ನೋಡಿ, ಬರ್ತಿದೆ. ಪಂಪ್ ಕಾಯಿಲ್ ಕಟ್ ಆಗಿದೆ.’ ಹೊಸ ಪಂಪ್‌ಗೆ 950, ಕೂಲಿ 450, ಒಟ್ಟು 1,400. ಆಮೇಲೆ ಮಷೀನ್ ತಕರಾರು ಮಾಡಿಲ್ಲ.

ಒಂದೇ ಮಷೀನ್, ಒಂದೇ ತೊಂದರೆ. ಒಬ್ಬರು 9,000 ಅಂದರು, ಇನ್ನೊಬ್ಬರು 1,400ಕ್ಕೆ ಮುಗಿಸಿದರು. ಈ ವ್ಯತ್ಯಾಸ ಬಂದಿದ್ದು ಕೂಲಿಯಿಂದ ಅಲ್ಲ, ಕೆಟ್ಟಿರುವುದು ಏನು ಅಂತ ಹುಡುಕಿದ್ದರಿಂದ. ಕಂಪನಿಯವರ ಪರವಾಗಿಯೂ ಒಂದು ಮಾತು ಹೇಳಬೇಕು. ತೇವ ತಾಗಬಾರದು ಅಂತ ಎಷ್ಟೋ ವಾಷಿಂಗ್ ಮಷೀನ್ ಬೋರ್ಡ್‌ಗಳ ಮೇಲೆ ಅಂಟಿನಂಥ ರಾಳ ಸುರಿದಿರುತ್ತಾರೆ. ಒಳಗಿನ ಒಂದು ರಿಲೇ, ಅಂದರೆ ಚಿಕ್ಕ ಸ್ವಿಚ್, ಹೋದರೂ ಅದನ್ನು ಕಿತ್ತು ಹೊಸದು ಹಾಕುವುದು ಕಷ್ಟ. ನಿಜವಾಗಿ ಬೋರ್ಡ್ ಹೋಗಿದ್ದಾಗ ಇಡೀ ಬೋರ್ಡ್ ಬದಲಿಸುವುದು ಸರಿಯೇ. ಆದರೆ ಹೋಗಿರುವುದು ಅದೇ ಅಂತ ಮೊದಲು ತೋರಿಸಬೇಕು ಅಲ್ವಾ?

ಇಷ್ಟು ಓದಿ ಬೀದಿಯ ಅಂಗಡಿಯೇ ಸರಿ ಅಂದುಕೊಳ್ಳಬೇಡಿ. ಫ್ರಿಜ್ ವಿಷಯದಲ್ಲಿ ಲೆಕ್ಕ ಉಲ್ಟಾ ಆಯಿತು.

ಫ್ರಿಜ್ ತಣ್ಣಗಾಗದಿದ್ದಾಗ ಇದೇ ಅಂಗಡಿಯವರು ‘ಗ್ಯಾಸ್ ಖಾಲಿ’ ಅಂತ 2,500ಕ್ಕೆ ಗ್ಯಾಸ್ ತುಂಬಿದರು. ಬೇಸಿಗೆ ನಡುವೆ ಮತ್ತೆ ಹಾಲು ಒಡೆಯತೊಡಗಿತು. ಮತ್ತೆ ತುಂಬೋಣ ಅಂದರು. ಬೇಡ ಅಂದೆ. ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರ್ ಥರ ಬಳಸಿ ಖಾಲಿ ಆಗುವುದಲ್ಲ. ಅದು ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿದ ಗ್ಯಾಸ್ ಇವತ್ತಲ್ಲ ನಾಳೆ ಹೋಗಿಯೇ ಹೋಗುತ್ತದೆ.

ಈ ಸಲ ಕಂಪನಿಯವರನ್ನು ಕರೆಸಿದೆ. ಅವರು ಪೈಪ್‌ಗೆ ನೈಟ್ರೋಜನ್ ಬಿಟ್ಟು, ಸೋಪಿನ ನೀರು ಹಚ್ಚಿ, ಕಂಪ್ರೆಸರ್ ಹತ್ತಿರದ ಜಾಯಿಂಟ್‌ನಲ್ಲಿ ಲೀಕ್ ಹಿಡಿದರು. ಬೆಸುಗೆ ಹಾಕಿ, ತೇವ ಹೀರುವ ಫಿಲ್ಟರ್ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಪಂಪ್ ಓಡಿಸಿ ಪೈಪಿನ ಗಾಳಿ ತೆಗೆದು, ಕೊನೆಗೆ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿದರು. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದು ಆರ್600ಎ. ಅದು ಐಸೋಬ್ಯೂಟೇನ್, ಬೆಂಕಿ ಹತ್ತಿಕೊಳ್ಳುವ ಗ್ಯಾಸ್. ಒಂದು ಫ್ರಿಜ್‌ಗೆ ಬೇಕಾಗುವುದು ಹತ್ತಾರು ಗ್ರಾಂ ಮಾತ್ರ. ಅಂದಾಜಿನಲ್ಲಿ ತುಂಬುವ ಕೆಲಸವೇ ಅಲ್ಲ. ಬಿಲ್ 4,200 ಆಯಿತು. ಕೇಳಿದರೆ ದುಬಾರಿ. ಆದರೆ ಅಷ್ಟು ಹೊತ್ತು ಕೂತು ಮಾಡಿದ ಕೆಲಸ ಕಣ್ಣಾರೆ ನೋಡಿದ ಮೇಲೆ ಒಂದು ರೂಪಾಯಿಯೂ ಜಾಸ್ತಿ ಅನ್ನಿಸಲಿಲ್ಲ. ‘ಕಂಪ್ರೆಸರ್‌ಗೆ 10 ವರ್ಷ ವಾರಂಟಿ’ ಅನ್ನುವ ಸ್ಟಿಕ್ಕರ್ ನಂಬಿ ಎಲ್ಲ ಬಿಟ್ಟಿ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಕಂಪ್ರೆಸರ್ ಒಂದಕ್ಕೇ. ಗ್ಯಾಸ್, ಕೂಲಿ ನಮ್ಮ ತಲೆ ಮೇಲೆ.

ಹಾಗಾದರೆ ಆ್ಯಪ್ ಯಾವುದಕ್ಕೆ? ಗೀಸರ್‌ಗೆ ಅಂತ ನನ್ನ ಅನುಭವ. ನಮ್ಮ ಏರಿಯಾದ ಬೋರ್ ನೀರು ತುಂಬ ಗಡಸು. ನೀರು ಕಾಯಿಸುವ ಎಲಿಮೆಂಟ್ ಮೇಲೆ ಸುಣ್ಣದಂತೆ ಬಿಳಿ ಪದರ ಕಟ್ಟುತ್ತದೆ. ನೀರು ಬಿಸಿಯಾಗಲು ಹೊತ್ತು ಹಿಡಿಯುತ್ತದೆ, ಕೊನೆಗೆ ಎಲಿಮೆಂಟ್ ಸುಟ್ಟುಹೋಗುತ್ತದೆ. ಇಂಥ ಗೊತ್ತಿರುವ ಕೆಲಸಕ್ಕೆ ರೇಟ್ ಮೊದಲೇ ಕಾಣುವುದು ದೊಡ್ಡ ಅನುಕೂಲ. ಹೇಳಿದ ಹೊತ್ತಿಗೆ ಬಂದರು, ಎಲಿಮೆಂಟ್ ಬದಲಿಸಿದರು, ಬಿಲ್ ಮತ್ತು 30 ದಿನದ ಗ್ಯಾರಂಟಿ ಕೊಟ್ಟರು. ಬಿಸಿ ಮಿತಿಯಲ್ಲಿಡುವ ಥರ್ಮೋಸ್ಟಾಟ್ ಕೂಡ ಹಾಕಿಸಿ ಅಂತ ಒತ್ತಾಯ ಮಾಡಿದರು. ಮೀಟರ್ ಇಟ್ಟು ತೋರಿಸಿ ಅಂದೆ. ಚೆನ್ನಾಗಿಯೇ ಇತ್ತು. ಅಷ್ಟಕ್ಕೆ ಆ ಮಾತು ನಿಂತಿತು.

ಮಿಕ್ಸಿಗೆ ಯೋಚನೆಯೇ ಬೇಡ, ಬೀದಿಯ ಅಂಗಡಿ. ಕಪ್ಲರ್, ಕಾರ್ಬನ್ ಬ್ರಷ್, ಜಾರ್ ಬುಷ್, ಇಂಥ ಚಿಕ್ಕ ಪಾರ್ಟ್ ಬದಲಿಸುವುದೆಲ್ಲ ಕಣ್ಣೆದುರೇ ಮುಗಿಯುವ ಅಗ್ಗದ ಕೆಲಸ. ಹೋಗುವ ಮುಂಚೆ ಕೆಳಗಿನ ಕೆಂಪು ಓವರ್‌ಲೋಡ್ ಬಟನ್ ಒಮ್ಮೆ ಒತ್ತಿ ನೋಡಿ, ಲೋಡ್ ಜಾಸ್ತಿಯಾಗಿ ನಿಂತಿದ್ದರೆ ಅಷ್ಟಕ್ಕೇ ಓಡಬಹುದು.

ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ ಅನ್ನುವ ಲೆಕ್ಕ ಎಲ್ಲರಿಗೂ ಗೊತ್ತು. ನಾನು ಅದಕ್ಕಿಂತ ಮೊದಲೇ ಒಂದು ಕಡೆ ಕೈಬಿಡುತ್ತೇನೆ. ಕೆಲವು ಫ್ರಂಟ್ ಲೋಡ್ ಮಷೀನ್‌ಗಳಲ್ಲಿ ಟಬ್ಬನ್ನು ಬಿಚ್ಚಲು ಬರದಂತೆ ಬೆಸೆದುಬಿಟ್ಟಿರುತ್ತಾರೆ. ಒಳಗಿನ ಚಿಕ್ಕ ಬೇರಿಂಗ್ ಹೋದರೂ ಇಡೀ ಟಬ್ ಬದಲಿಸಬೇಕು ಅನ್ನುತ್ತಾರೆ. ಹಳೇ ಮಷೀನ್‌ಗೆ ಆ ದುಡ್ಡು ಹಾಕಲು ನಾನು ಒಪ್ಪುವುದಿಲ್ಲ. ಅದು ಮಷೀನ್ ತಯಾರಿಸಿದವರದ್ದೇ ತಪ್ಪು, ರಿಪೇರಿಗೆ ಬಂದವರದ್ದಲ್ಲ.

ಯಾರನ್ನೇ ಕರೆಸಿ, ತೆಗೆದ ಹಳೇ ಪಾರ್ಟ್ ಕೇಳಿ ತಗೊಳ್ಳಿ. ಕಂಪನಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಮಷೀನ್ ಜೊತೆ ಬಂದ ಪುಸ್ತಕದಲ್ಲಿ ನೋಡಿ. ನೆಟ್‌ನಲ್ಲಿ ನಕಲಿ ಕಸ್ಟಮರ್ ಕೇರ್ ನಂಬರ್‌ಗಳ ಕಾಟ ಜಾಸ್ತಿ. ಬಿಲ್ ಬಿಡಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಮಾಡಿದ ಸೇವೆಗೆ ಬಿಲ್ ಕೊಡದಿರುವುದೂ ಅನ್ಯಾಯದ ವ್ಯಾಪಾರವೇ. ನಮ್ಮ ಅಂಗಡಿಯವರು ಈ ವಿಷಯದಲ್ಲಿ ಹಿಂದೆ, ಕೇಳಿದರೆ ಚೀಟಿಯಲ್ಲಿ ಬರೆದುಕೊಡುತ್ತಾರೆ. ಮೋಸ ಆಯಿತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಕೇಂದ್ರ ಸರ್ಕಾರ ‘ರೈಟ್ ಟು ರಿಪೇರ್’, ಅಂದರೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕು, ಅಂತ 2022ರಲ್ಲಿ ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಪೋರ್ಟಲ್ ಕೂಡ ತೆರೆಯಿತು. ಅದರಿಂದ ನನಗೆ ಬೇಕಾಗಿರುವುದು ಒಂದೇ. ಬೋರ್ಡ್‌ಗೆ ಎಷ್ಟು, ಪಂಪ್‌ಗೆ ಎಷ್ಟು, ಟಬ್ ಬಿಚ್ಚಲು ಬರುತ್ತದಾ ಇಲ್ವಾ ಅನ್ನುವುದು ಷೋರೂಮ್‌ನಲ್ಲೇ, ಸ್ಟಾರ್ ರೇಟಿಂಗ್ ಪಕ್ಕದಲ್ಲೇ ಕಾಣಬೇಕು. ಹಾಗಿದ್ದಿದ್ದರೆ ನಾವು ಈ ವಾಷಿಂಗ್ ಮಷೀನ್ ತಗೊಳ್ಳುತ್ತಲೇ ಇರಲಿಲ್ಲ.