ಪಾಡ್‌ಕಾಸ್ಟ್ ನಿಮ್ಮದು, ಅದರ ಫೀಡ್ ಯಾರ ಹೆಸರಿನಲ್ಲಿದೆ?

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಸ್ವಂತ ಖರ್ಚಿನಿಂದ ಪಾಡ್‌ಕಾಸ್ಟ್ ನಡೆಸುತ್ತಿರುವ ಎಲ್ಲರೂ ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಕೇಳುಗರನ್ನು ಹೆಚ್ಚಿಸುತ್ತೇವೆ, ಜಾಹೀರಾತು ತಂದುಕೊಡುತ್ತೇವೆ ಎಂದು ಹೇಳಿಕೊಂಡು ಬರುವ ಕೆಲವು ಪಾಡ್‌ಕಾಸ್ಟ್ ಜಾಲಗಳು ನಮ್ಮ ಧ್ವನಿಮುದ್ರಣಗಳ ಮೇಲಿನ ಹಕ್ಕನ್ನೇ ತಮ್ಮ ಹೆಸರಿಗೆ ಬರೆಸಿಕೊಳ್ಳುತ್ತಿವೆ. ನಮಗೆ ಹೀಗೇ ಆಯಿತು, ಮತ್ತು ನಾವು ಒಬ್ಬರೇ ಅಲ್ಲವೆಂಬುದು ಆಮೇಲೆ ತಿಳಿಯಿತು.

ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮನೆ, ಹೊಲ, ಗುಡಿ ಎಲ್ಲವನ್ನೂ ಬಿಟ್ಟು ನವನಗರಕ್ಕೂ ಬೀಳಗಿ ಸುತ್ತಿನ ಪುನರ್ವಸತಿ ಕೇಂದ್ರಗಳಿಗೂ ಬಂದು ನೆಲೆಸಿದ ಹಿರಿಯರ ಮಾತುಗಳನ್ನು ನಾವು ಮುದ್ರಿಸಿಕೊಳ್ಳುತ್ತಿದ್ದೆವು. ಹಳೆಯ ಊರಿನ ಓಣಿಗಳ ಹೆಸರು, ನೀರು ಬರುವ ಮುನ್ನಿನ ಕೊನೆಯ ಜಾತ್ರೆ, ಪರಿಹಾರದ ಹಣಕ್ಕಾಗಿ ಅಲೆದ ವರ್ಷಗಳು ಅವರ ಬಾಯಿಯಿಂದಲೇ ದಾಖಲಾಗುತ್ತಿದ್ದವು. ದೂರದ ನಗರದ ಒಂದು ಜಾಲದವರು ಫೋನಿನಲ್ಲಿ ಮಾತನಾಡಿ, ಕಂತುಗಳ ನಡುವೆ ಜಾಹೀರಾತು ಸೇರಿಸುವುದಷ್ಟೇ ತಮ್ಮ ಕೆಲಸವೆಂದರು. ಕಳುಹಿಸಿದ ಕರಾರಿನಲ್ಲಿ ಮಾತ್ರ, ಈಗಿರುವ ಹಾಗೂ ಮುಂದೆ ಬರುವ ಎಲ್ಲ ಮಾಧ್ಯಮಗಳಲ್ಲಿ ಈ ಧ್ವನಿಗಳನ್ನು ಬಳಸುವ, ಬದಲಿಸುವ, ಯಂತ್ರಗಳ ತರಬೇತಿಗೆ ಕೊಡುವ ಹಕ್ಕು ಅವರದೆಂಬ ವಾಕ್ಯವಿತ್ತು. ಹೋಸ್ಟಿಂಗ್ (ಆಡಿಯೊ ಕಡತಗಳನ್ನು ಇಡುವ ಸೇವೆ) ಬದಲಿಸುವ ನೆಪದಲ್ಲಿ, ಕಂತುಗಳ ಪಟ್ಟಿಯಾದ ಫೀಡಿನಲ್ಲಿದ್ದ ನಮ್ಮ ಇಮೇಲ್ ವಿಳಾಸವನ್ನು ತೆಗೆದು, ನಮಗೆ ತಿಳಿಸದೆ ತಮ್ಮದನ್ನು ಹಾಕಿಕೊಂಡರು.

ಈ ಇಮೇಲ್ ವಿಳಾಸದ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಪಾಡ್‌ಕಾಸ್ಟ್ ಎಂದರೆ ಆ್ಯಪ್‌ನೊಳಗೆ ಕುಳಿತ ಧ್ವನಿಯಲ್ಲ. ಕಂತುಗಳ ಹೆಸರು, ದಿನಾಂಕ ಮತ್ತು ಆಡಿಯೊ ಕಡತದ ವಿಳಾಸಗಳಿರುವ ಆರ್‌ಎಸ್‌ಎಸ್ ಫೀಡ್ ಎಂಬ ಪಟ್ಟಿಯನ್ನು ಆ್ಯಪ್‌ಗಳು ಆಗಾಗ ಓದಿ, ಹೊಸದೇನಿದೆಯೋ ಅದನ್ನು ಕೇಳುಗರಿಗೆ ತೋರಿಸುತ್ತವೆ. ಕಾರ್ಯಕ್ರಮ ತನ್ನದೆಂದು ಯಾರಾದರೂ ಹೇಳಿದರೆ, ಹಲವು ಸೇವೆಗಳು ಪರಿಶೀಲನೆಯ ಸಂಕೇತವನ್ನು ಫೀಡಿನಲ್ಲಿರುವ ಇಮೇಲ್‌ಗೆ ಕಳುಹಿಸುತ್ತವೆ. ಹೊಸ ಹೋಸ್ಟಿಂಗ್‌ಗೆ ಹೋಗುವಾಗ ಹಳೆಯ ವಿಳಾಸದಿಂದ ಹೊಸದಕ್ಕೆ 301 ಸಂಖ್ಯೆಯ ಶಾಶ್ವತ ರೀಡೈರೆಕ್ಟ್, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳುಹಿಸುವ ಸೂಚನೆ, ಹಾಕಬೇಕಾಗುತ್ತದೆ, ಅದನ್ನು ಹಾಕಲು ಹಳೆಯ ವಿಳಾಸ ಯಾರ ಕೈಯಲ್ಲಿದೆಯೋ ಅವರಿಗೇ ಸಾಧ್ಯ. ಹೊಲ ಉಳುವವರು ನಾವಾದರೂ ಉತಾರದಲ್ಲಿ ಹೆಸರು ಬೇರೆಯವರದಿದ್ದಂತೆ ನಮ್ಮ ಸ್ಥಿತಿಯಾಯಿತು.

ಕರಾರಿನ ಅವಧಿ ಮುಗಿದ ಮೇಲೆ ಫೀಡ್ ಬಿಟ್ಟುಕೊಡಿ ಎಂದು ಕೇಳಿದಾಗ ಅವರು ಹಣ ಕೇಳಿದರು. ಕೊಡಲಾಗದೆ ಮೂಲ ಮುದ್ರಣಗಳನ್ನು ಹೊಸ ಫೀಡಿನಲ್ಲೂ ಯೂಟ್ಯೂಬ್‌ನಲ್ಲೂ ಹಾಕತೊಡಗಿದೆವು. ಆಗ ಅವರು ಹಳೆಯ ಫೀಡನ್ನು ಮರೆಮಾಡಿ, ಹೊಸದರ ಮೇಲೆ ಹಕ್ಕುಸ್ವಾಮ್ಯದ ದೂರು ಕೊಟ್ಟು ಕಂತುಗಳನ್ನು ತೆಗೆಸಿದರು. ಅದೇ ಸಮಯದಲ್ಲಿ ನಮ್ಮೊಂದಿಗೆ ಮಾತನಾಡಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದರು. ಅವರ ಮಗಳು ಫೋನ್ ಮಾಡಿ, “ಅಪ್ಪಾರ ದನಿ ಕೇಳಬೇಕಂತೀವ್ರಿ ಸರ್, ಮೊಬೈಲ್‌ನ್ಯಾಗ ಏನೂ ಬರವಲ್ದು” ಎಂದರು. ಮೂಲ ಕಡತ ನಮ್ಮ ಹಾರ್ಡ್ ಡಿಸ್ಕಿನಲ್ಲಿದ್ದುದರಿಂದ ಅದನ್ನು ಅವರ ಮನೆಗೆ ತಲುಪಿಸಲು ಸಾಧ್ಯವಾಯಿತು. ಆದರೆ ಆ ಮಾತುಗಳನ್ನು ಅವರು ಆಡಿದ್ದು ಊರವರೆಲ್ಲ ಕೇಳಲೆಂದು.

ಇದನ್ನು ನಾಲ್ಕು ಜನರಲ್ಲಿ ಹೇಳಿಕೊಂಡಾಗಲೇ ಉಳಿದವರು ಸಿಕ್ಕಿದರು. ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದರನ್ನು ಮಾತನಾಡಿಸುವ ಬೆಳಗಾವಿ ಜಿಲ್ಲೆಯ ಒಂದು ತಂಡಕ್ಕೂ, ದ್ರಾಕ್ಷಿ ಬೆಳೆಗಾರರಿಗಾಗಿ ಕಾರ್ಯಕ್ರಮ ಮಾಡುವ ವಿಜಯಪುರದ ಒಬ್ಬರಿಗೂ ಅದೇ ಜಾಲದಿಂದ, ಅಕ್ಷರ ಬದಲಾಗದ ಅದೇ ಕರಾರು ಹೋಗಿತ್ತು. ಒಬ್ಬೊಬ್ಬರೇ ಬರೆದಾಗ ಉತ್ತರವನ್ನೇ ಕೊಡದಿದ್ದವರು, ಎಲ್ಲರೂ ಸೇರಿ ಒಬ್ಬರೇ ವಕೀಲರ ಮೂಲಕ ನೋಟಿಸ್ ಕಳುಹಿಸಿದಾಗ ಮಾತಿಗೆ ಬಂದರು.

ವಕೀಲರು ತೋರಿಸಿಕೊಟ್ಟ ಕಾನೂನು ಎಲ್ಲರಿಗೂ ತಿಳಿದಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಧ್ವನಿಮುದ್ರಣ ಮಾಡಲು ಮುಂದಾಗಿ ಅದರ ಹೊಣೆ ಹೊತ್ತವರೇ ಅದರ ನಿರ್ಮಾಪಕರು. ಹಕ್ಕನ್ನು ವರ್ಗಾಯಿಸಬೇಕಾದರೆ ಬರಹ ಮತ್ತು ಸಹಿ ಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂಬುದು ಅದರಲ್ಲಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತವೆಂದೂ 19ನೆಯ ಸೆಕ್ಷನ್ ಹೇಳುತ್ತದೆ. ಕರಾರಿನ ದಿನ ಇಲ್ಲದಿದ್ದ ಅಥವಾ ವಾಣಿಜ್ಯ ಬಳಕೆಗೆ ಬಾರದಿದ್ದ ಮಾಧ್ಯಮಕ್ಕೆ, ಅದನ್ನು ಹೆಸರಿಸಿ ಬರೆದಿರದಿದ್ದರೆ, ವರ್ಗಾವಣೆ ಅನ್ವಯಿಸದೆಂದು 2012ರ ತಿದ್ದುಪಡಿ 18ನೆಯ ಸೆಕ್ಷನ್‌ಗೆ ಸೇರಿಸಿದೆ. ಆಧಾರವಿಲ್ಲದೆ ಹಕ್ಕುಸ್ವಾಮ್ಯದ ಬೆದರಿಕೆ ಹಾಕಿದವರ ವಿರುದ್ಧ 60ನೆಯ ಸೆಕ್ಷನ್‌ನಡಿ ದಾವೆ ಹೂಡಬಹುದು. ಯೂಟ್ಯೂಬ್‌ನಲ್ಲಿ ದೂರು ತಪ್ಪೆಂದು ಮರು ಅರ್ಜಿ (ಕೌಂಟರ್ ನೋಟಿಫಿಕೇಶನ್) ಸಲ್ಲಿಸುವ ದಾರಿಯೂ ಇದೆ. 90 ದಿನಗಳೊಳಗೆ ಮೂರು ಸ್ಟ್ರೈಕ್ (ಹಕ್ಕುಸ್ವಾಮ್ಯದ ದೂರಿನಿಂದ ಬೀಳುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ಹೋಗಬಹುದಾದ್ದರಿಂದ ಸುಮ್ಮನಿರುವುದು ಅಪಾಯಕರ.

ಸೇರಿ ನಿಂತರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಪ್ರಕರಣವೊಂದಿದೆ. ಕಂತುಗಳನ್ನು ಅಂತರ್ಜಾಲದಲ್ಲಿ ಹಂಚುವ ಪದ್ಧತಿಯೇ ತನ್ನ ಪೇಟೆಂಟ್ ಎಂದ ಪರ್ಸನಲ್ ಆಡಿಯೊ ಎಂಬ ಕಂಪನಿ 2013ರಲ್ಲಿ ಆ್ಯಡಮ್ ಕರೋಲಾ ಅವರ ಪಾಡ್‌ಕಾಸ್ಟ್ ವಿರುದ್ಧ ಮೊಕದ್ದಮೆ ಹೂಡಿತು. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಜನರಿಂದ ದೇಣಿಗೆ ಸಂಗ್ರಹಿಸಿ ಆ ಪೇಟೆಂಟನ್ನೇ ಪ್ರಶ್ನಿಸಿತು. 2015ರಲ್ಲಿ ಪೇಟೆಂಟ್ ಕಚೇರಿಯ ಮಂಡಳಿ ಪ್ರಶ್ನಿತ ಹಕ್ಕೊತ್ತಾಯಗಳನ್ನು ಅಸಿಂಧುವೆಂದಿತು, 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು, 2018ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ನಮ್ಮ ಜಗಳ ಅದಕ್ಕೆ ಹೋಲಿಸಿದರೆ ಚಿಕ್ಕದು, ಆದರೆ ಬಿಡಿಬಿಡಿಯಾಗಿ ಸಿಕ್ಕವರನ್ನು ಹೆದರಿಸುವ ರೀತಿ ಒಂದೇ.

ನಮ್ಮ ವಿಷಯದಲ್ಲಿ ಜಾಲದವರು ದೂರುಗಳನ್ನು ಹಿಂತೆಗೆದುಕೊಂಡಿದ್ದಾರೆ ಮತ್ತು ವಿಜಯಪುರದವರ ಫೀಡಿಗೆ ರೀಡೈರೆಕ್ಟ್ ಹಾಕಿಕೊಟ್ಟಿದ್ದಾರೆ. ನಮ್ಮ ಹಳೆಯ ಫೀಡ್ ಇನ್ನೂ ಅವರಲ್ಲೇ ಇದೆ, ಅದಕ್ಕೆ ಸೇರಿದ್ದ ಕೇಳುಗರು ನಮಗೆ ಮರಳಿ ಸಿಕ್ಕಿಲ್ಲ. ಮೂರೂ ಜಿಲ್ಲೆಯವರು ಸೇರಿ ಮಾಡಿಕೊಂಡ ಕೂಟದಲ್ಲಿ, ಯಾರಿಗೇ ಕರಾರು ಬಂದರೂ ಸಹಿಗೆ ಮೊದಲು ಎಲ್ಲರೂ ಓದುವುದು, ಅವಧಿ ಮುಗಿದಾಗ ರೀಡೈರೆಕ್ಟ್ ಹಾಕಿಕೊಡಲೇಬೇಕೆಂಬ ಷರತ್ತಿಲ್ಲದ ಕರಾರಿಗೆ ಯಾರೂ ಒಪ್ಪದಿರುವುದು ಎಂದು ತೀರ್ಮಾನಿಸಿದ್ದೇವೆ.

ಇಂದೇ ನಿಮ್ಮ ಫೀಡನ್ನು ತೆರೆದು ಅದರಲ್ಲಿರುವ ಇಮೇಲ್ ಯಾರದೆಂದು ನೋಡಿ. ಮೂಲ ಕಡತಗಳನ್ನು ಮುದ್ರಿಸಿದ ದಿನಾಂಕದ ಸಮೇತ ನಿಮ್ಮದೇ ಡಿಸ್ಕಿನಲ್ಲಿಟ್ಟುಕೊಳ್ಳಿ. ಈಗಾಗಲೇ ದೂರು ಬಿದ್ದಿದ್ದರೆ ಆ ಇಮೇಲ್‌ಗಳನ್ನು ಅಳಿಸಬೇಡಿ, ಫೋನಿನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ, ಅದೇ ದಿನ ಕೂಟದವರಲ್ಲಿ ಯಾರಿಗಾದರೂ ತಿಳಿಸಿ.